ಕಾಲು ಕೊಯ್ದ ಕುರ್ಚಿ

ನಮ್ಮ ಮಂಚದ ಮೇಲೆ ಮಲಗಲು ಬಳ್ಳಾರಿಯ ಗಂಡಸರು ಯಾರೂ ಒಪ್ಪಲಿಲ್ಲ. ಉಳಿದದ್ದೆಲ್ಲ ಅದರಿಂದ ಹುಟ್ಟಿದ್ದು, ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಭಾಗ. ಕೌಲ್ ಬಜಾರಿನಲ್ಲಿ ಸೈಕಲ್ ಶಾಪೊಂದರ ಮೇಲಿನ ಕೋಣೆ ಹಿಡಿದು, ನಾನೂ ನನ್ನ ಪಾಲುದಾರನೂ ಅಂಗಮರ್ದನ ಚಿಕಿತ್ಸಾಲಯ ಎಂದು ಬೋರ್ಡು ಹಾಕಿದ್ದೆವು. ಒಳಗೆ ಎರಡು ಎತ್ತರದ ಮಂಚ, ನಡುವೆ ಒಂದು ಪರದೆ, ಗೂಡಿನಲ್ಲಿ ಎಳ್ಳೆಣ್ಣೆಯ ಬಾಟಲಿಗಳು. ಪಾಲುದಾರ ಅದೇ ಓಣಿಯವನು. ಅವನ ಅಜ್ಜನೂ ಅಪ್ಪನೂ ಗರಡಿಮನೆಯ ಉಸ್ತಾದರಾಗಿದ್ದವರು. ಪೈಲ್ವಾನರ ಮೈ ನೀವಿ ಪಳಗಿದ ಕೈ ಅವನದು, ಬಾಯಿ ಅದಕ್ಕಿಂತ ಪಳಗಿದ್ದು. ನನ್ನದು ಧಾರವಾಡದಲ್ಲಿ ಮಾಡಿದ ತತ್ವಶಾಸ್ತ್ರದ ಎಂ.ಎ., ಆಮೇಲೆ ನನ್ನದೇ ಬೆನ್ನುನೋವಿಗೆಂದು ಪ್ರಕೃತಿ ಚಿಕಿತ್ಸೆಗೆ ಹೋಗಿ ಅಲ್ಲೇ ಕಲಿತು ಬಂದ ಮರ್ದನ.

ದಿನಚರಿ ಬರೆಯುವ ಚಟ ನನಗೆ ಆಗಲೂ ಇತ್ತು. ಈಗ ತೆರೆದರೆ ಪುಟಪುಟದಲ್ಲೂ ಸಿಗುವುದು ಸಿಟ್ಟು. ನಡೆದದ್ದೆಷ್ಟು, ಸಿಟ್ಟಿನ ಭರದಲ್ಲಿ ನಾನು ಕಟ್ಟಿಕೊಂಡದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ ಆ ಮಂಚಗಳ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಬಂದವರು ಬಾಗಿಲಲ್ಲೇ ನಿಂತು ಅವನ್ನು ನೋಡುತ್ತಿದ್ದರು.

"ಇದೇನ್ರಿ, ಆಪರೇಷನ್ ಮಾಡೋ ಮಂಚ ಇದ್ದಂಗ ಐತಿ?"

"ಅಂಗಿ ತೆಗೀಬೇಕಾ? ಬನಿಯನ್ನೂ?"

"ಬಾಗ್ಲಾ ಹಾಕ್ತೀರೇನು ಮತ್ತ?"

ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದವರು ಸೊಂಟ ಹಿಡಿದುಕೊಂಡೇ ಇಳಿದುಹೋಗುತ್ತಿದ್ದರು. ನೋವಿಗಿಂತ ಮಾನ ದೊಡ್ಡದು ಎಂಬ ಸಮಾಧಾನ ಅವರ ಮುಖದ ಮೇಲೆ ಇರುತ್ತಿತ್ತು. ಆ ಸಮಾಧಾನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೋಣೆಯ ಬಾಡಿಗೆ ಕರಾರು ಇದ್ದದ್ದು ನನ್ನ ಅಣ್ಣನ ಹೆಸರಿನಲ್ಲಿ. ಅಣ್ಣ ವಕೀಲ. ತನ್ನ ಕಕ್ಷಿದಾರರಿಗೆಲ್ಲ, ತಮ್ಮ ದೊಡ್ಡ ಪರೀಕ್ಷೆಗೆ ಓದುತ್ತಿದ್ದಾನೆ ಎಂದು ಹೇಳಿಟ್ಟಿದ್ದ. ಒಂದು ಸಹಕಾರಿ ಬ್ಯಾಂಕಿನಲ್ಲಿ ನನಗೊಂದು ಗುಮಾಸ್ತಿಕೆಯನ್ನೂ ಮಾತಾಡಿಟ್ಟಿದ್ದ.

"ಯುಗಾದಿ ತನಕ ನಿನ್ನ ಆಟ ಆಡು" ಎಂದ. "ಅಷ್ಟರಾಗ ಆ ಮಂಚದ ಮ್ಯಾಲ ಮಂದಿ ಬಿದ್ದಿದ್ರ ಸರಿ. ಇಲ್ಲಂದ್ರ ಕೋಣಿ ಬಿಡಿಸ್ತೀನಿ, ಬ್ಯಾಂಕಿನ ಸ್ಟೂಲ್ ಮ್ಯಾಲ ನೀ ಬೀಳು. ಎಂ.ಎ. ಮಾಡಿ ಮಂದಿ ಮೈ ತಿಕ್ಕಾಕ ಹತ್ಯಾನ ಅಂದ್ರ ನಾ ಕೋರ್ಟಿನಾಗ ಮಾರಿ ಹ್ಯಾಂಗ ಎತ್ಲಿ?"

ಸುಳ್ಳು ಸಾಕ್ಷಿಗಳನ್ನು ತಯಾರು ಮಾಡಿ ಅದೇ ಮುಖವನ್ನು ಕೋರ್ಟಿನಲ್ಲಿ ದಿನವೂ ಎತ್ತುತ್ತಿದ್ದವನು ಅವನು. ನಾನು ಏನೂ ಹೇಳಲಿಲ್ಲ. ಹೇಳಿದೆ ಎಂದು ದಿನಚರಿಯಲ್ಲಿದೆ, ಆದರೆ ನಾನು ನಂಬುವುದಿಲ್ಲ.

ಕೋಣೆ ಹೋದರೆ ಪಾಲುದಾರ ಬೊಂಬಾಯಿಗೆ ಹೋಗುವವನಿದ್ದ. ಅವನ ಸೋದರಮಾವನ ಮಗ ಅಲ್ಲಿ ಹಮಾಮಿನಲ್ಲಿ ಸ್ನಾನಕ್ಕೆ ಬಂದವರ ಮೈ ತಿಕ್ಕುತ್ತಿದ್ದ. ಹಾಗಾಗಿ ಯುಗಾದಿಯ ಗಡುವು ಇಬ್ಬರಿಗೂ ಇತ್ತು.

ಕುರ್ಚಿಯ ಯೋಚನೆ ಬಂದದ್ದು ಎದುರಿನ ಕ್ಷೌರದಂಗಡಿ ನೋಡಿ. ನಮ್ಮ ಮಂಚ ಕಂಡು ಓಡಿಹೋದ ಅದೇ ಮನುಷ್ಯ ಅಲ್ಲಿ ರಸ್ತೆಗೆ ಮುಖ ಮಾಡಿ ಕೂತು, ತಲೆಯನ್ನು ಪರರ ಕೈಗೆ ಒಪ್ಪಿಸಿ, ಕಣ್ಣು ಮುಚ್ಚಿಕೊಂಡು ಮಾಲೀಶು ಮಾಡಿಸಿಕೊಳ್ಳುತ್ತಿದ್ದ. ಮಲಗಿದರೆ ಮಾನ ಹೋಗುತ್ತದೆ, ಕೂತರೆ ಹೋಗುವುದಿಲ್ಲ ಎಂಬುದು ಅವರ ತತ್ವಶಾಸ್ತ್ರ. ಸರಿ, ಕೂರಿಸಿಯೇ ಹಿಡಿಯೋಣ ಎಂದುಕೊಂಡೆ.

ಬಡಗಿಯಿಂದ ಒಂದು ಎತ್ತರದ ಕುರ್ಚಿ ಮಾಡಿಸಿದೆವು. ಅದರಲ್ಲಿ ಹಿಂದುಮುಂದಾಗಿ ಕೂರಬೇಕು, ಎದೆ ಕುರ್ಚಿಯ ಬೆನ್ನಿಗೆ ಬರುವ ಹಾಗೆ. ಬೆನ್ನಿನ ಹಲಗೆಯನ್ನು ಮುಂದಕ್ಕೆ ಓರೆ ಮಾಡಿಸಿ, ಅದರ ತುದಿಗೆ ಮುಖ ಇಡಲು ನಡುವೆ ತೂತಿರುವ, ಲಾಳದ ಆಕಾರದ ಒಂದು ದಿಂಬು ಕೂರಿಸಿದೆವು. ಮೊದಲು ಅದಕ್ಕೆ ರೆಕ್ಸಿನ್ ಹೊದಿಸಿದ್ದೆವು. ಬಳ್ಳಾರಿಯ ಬಿಸಿಲಿಗೆ ಅದು ದೋಸೆ ಹಂಚಿನಂತೆ ಕಾದು ಮೊದಲ ಗಿರಾಕಿಯ ಕೆನ್ನೆಗೆ ಅಂಟಿಕೊಂಡಿತು. ಆಮೇಲೆ ಖಾದಿ ಬಟ್ಟೆಯ ಗವಸು ಹೊಲಿಸಿದೆವು, ಒಬ್ಬೊಬ್ಬರಿಗೂ ಬದಲಿಸಲು ಒಂದಷ್ಟು. ಎಣ್ಣೆ ಇಲ್ಲ, ಅಂಗಿ ತೆಗೆಯುವುದಿಲ್ಲ. ಮೊದಲು ಎರಡೂ ಅಂಗೈಯ ಬುಡದಿಂದ ಹೆಗಲ ಮೇಲೆ ಭಾರ ಬಿಡುವುದು, ಉಸಿರು ಹೊರಗೆ ಹೋಗುವಾಗ ಮಾತ್ರ. ಆಮೇಲೆ ಬೆನ್ನುಹುರಿಯ ಎರಡೂ ಪಕ್ಕದಲ್ಲಿ, ಮೂಳೆಯನ್ನು ಮುಟ್ಟದೆ, ಹೆಬ್ಬೆರಳಿನಿಂದ ಇಳಿಯುವುದು. ಆಮೇಲೆ ಕುತ್ತಿಗೆಯ ಬುಡ, ತೋಳು, ಅಂಗೈ, ಕೊನೆಗೆ ತಲೆ. ಎಲ್ಲ ಸೇರಿ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ವಾಸಿಯಾಗುವ ನೋವಿಲ್ಲ, ಆದರೆ ನೋವು ಎಲ್ಲಿದೆ ಎಂದು ಮನುಷ್ಯನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವನು ಮಂಚಕ್ಕೆ ಬರುತ್ತಾನೆ ಎಂಬುದು ನಮ್ಮ ಲೆಕ್ಕಾಚಾರ.

ಅಂಗಡಿಯ ಬಾಗಿಲಿಗೇ ಕುರ್ಚಿ ಹೊತ್ತು ಹೋದಾಗ ಕೌಲ್ ಬಜಾರಿನ ಟೇಲರುಗಳು ಖುಷಿಯಿಂದ ಕೂತರು. ಆದರೆ ಅವರು ಹೊಲಿಗೆ ಯಂತ್ರ ಬಿಟ್ಟು ಮೇಲೆ ಹತ್ತುವವರಲ್ಲ. ತಾಸುಗಟ್ಟಲೆ ಮಲಗುವ ಪುರುಸೊತ್ತಿರುವವರು ಬೇಕು, ಬಳ್ಳಾರಿಗೆ ಬ್ಯಾಂಕು ಕೋರ್ಟು ಎಂದು ಓಡಾಡುವವರು ಬೇಕು. ಅಂಥವರು ಸಿರುಗುಪ್ಪದ ಭತ್ತದ ದಲಾಲಿ ಅಂಗಡಿಗಳಲ್ಲಿದ್ದಾರೆ ಎಂದು ಪಾಲುದಾರ ಹೇಳಿದ. ಸಂಕ್ರಾಂತಿ ಆದ ಮೇಲೆ ಕುರ್ಚಿಯನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಸಿರುಗುಪ್ಪಕ್ಕೆ ಹೋದೆವು.

ಅಲ್ಲಿಯ ದೊಡ್ಡ ಅಂಗಡಿಯ ಸಾಹುಕಾರರು ಅಣ್ಣನ ಕಕ್ಷಿದಾರರು. ಕೆಂಚನಗುಡ್ಡದ ಕಡೆ ಹೊಳೆದಂಡೆಯ ಗದ್ದೆಗಳೆಲ್ಲ ಅವರವು ಎಂದು ಹೇಳುತ್ತಿದ್ದರು, ಅವರೇ ಹೇಳುತ್ತಿದ್ದರು. ಅಂಗಡಿಯಲ್ಲಿ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಗೋಡೆಯುದ್ದಕ್ಕೂ ಬಿಳಿ ಹಾಸಿನ ಗಾದಿ. ನಡುವೆ ಲೋಡಿಗೆ ಒರಗಿ ಸಾಹುಕಾರರು. ಎರಡೂ ಕಡೆ ಗುಮಾಸ್ತರು, ಚಕ್ಕಳಬಕ್ಕಳ ಹಾಕಿ, ಓರೆ ಮೇಜುಗಳ ಮೇಲೆ ಬಗ್ಗಿ ಬೆಳಗಿನಿಂದ ಸಂಜೆಯವರೆಗೆ ಬರೆಯುವವರು. ಆ ಬೆನ್ನುಗಳನ್ನು ನೋಡಿ ನನ್ನ ಕೈ ತುರಿಸತೊಡಗಿತು.

"ಇಡ್ರಿ, ಇಡ್ರಿ, ವಕೀಲರ ತಮ್ಮ ಅಂದ್ರ ನಮ್ಮವ್ರ ಅಲ್ಲೇನು" ಎಂದರು ಸಾಹುಕಾರರು. ಕಟ್ಟೆಯ ಕೆಳಗೆ ಕುರ್ಚಿ ಇಟ್ಟೆವು. ಯಾರೂ ಏಳಲಿಲ್ಲ. ನಾಚಿಕೆ ಇರಬೇಕೆಂದು ನಾನು ಸ್ನಾಯುಗಳ ಬಗ್ಗೆ ಒಂದು ಉಪನ್ಯಾಸ ಮಾಡಿದೆ. ಗುಮಾಸ್ತರು ತಲೆ ಎತ್ತದೆ ಕೇಳಿದರು. ಕೇಳಿ ಮತ್ತೆ ಬರೆದರು.

ಹೊರಗೆ ಚಹಾ ಕುಡಿಯುತ್ತ ಪಾಲುದಾರ ಹೇಳಿದ: "ಭಾಯ್, ಇವ್ರು ಕುರಿ. ಮುಂದಿನ ಕುರಿ ಹಾರಿದ್ರ ಹಿಂದಿನವೆಲ್ಲ ಹಾರ್ತಾವ. ಮೊದ್ಲು ಸಾಹುಕಾರ್ರನ್ನ ಕುಂದ್ರಸೂಣು."

ಇಬ್ಬರಿಗೂ ಅದು ಬಹಳ ಜಾಣತನದ ಮಾತಾಗಿ ಕಂಡಿತು.

ಸಾಹುಕಾರರು ಕೂತರು. ಪಾಲುದಾರ ತನ್ನ ವಂಶದ ವಿದ್ಯೆಯನ್ನೆಲ್ಲ ಆ ಹೆಗಲ ಮೇಲೆ ಸುರಿದ. ಸಾಹುಕಾರರು ನರಳಿದರು, ತೇಗಿದರು, ಸ್ವಲ್ಪ ಹೊತ್ತು ಗೊರಕೆಯನ್ನೂ ಹೊಡೆದರು. ಎದ್ದು, "ಭೇಷ್, ಹತ್ತು ವರ್ಷ ಸಣ್ಣಾವ ಆದಂಗ ಆತು" ಎಂದು ಹೆಗಲ ಮೇಲಿನ ಶಲ್ಯವನ್ನು ಕುರ್ಚಿಯ ಮೇಲೆ ಹಾಕಿ ಗಾದಿಗೆ ಹೋದರು.

ನಾನು ಗವಸು ಬದಲಿಸಿ, ಎಲ್ಲರಿಗಿಂತ ಹೆಚ್ಚು ಬಗ್ಗಿದ್ದ ಹಿರಿಯ ಗುಮಾಸ್ತರ ಕಡೆ ನೋಡಿ, "ಬರ್ರಿ ಯಜಮಾನ್ರ" ಎಂದೆ. ಅವರು ಕೈಯಾಡಿಸಿ ಬೇಡವೆಂದರು. ಉಳಿದವರೂ ಹಾಗೇ. ಮುಂದಿನ ಸಂತೆಗೂ ಹಾಗೇ. ಕೊನೆಗೆ ಆ ಹಿರಿಯರು ಹೊರಗೆ ಎಲೆಯಡಿಕೆ ಉಗುಳಲು ಬಂದಾಗ ಹಿಡಿದು ಕೇಳಿದೆ.

"ತಮ್ಮಾ, ನೀ ಓದಿದಾವ ಅಂತ ಹೇಳಿದ್ರು" ಎಂದರು ಅವರು, ನಿಜವಾಗಿಯೂ ಆಶ್ಚರ್ಯದಿಂದ. "ಮೊದ್ಲ, ಸಾಹುಕಾರ್ರು ಗಾದಿ ಮ್ಯಾಲ ಕುಂತಾಗ ಅವ್ರ ಮುಂದ ನಾವು ಕುರ್ಚಿ ಏರಿ ಎತ್ತರ ಕುಂದ್ರಾಕ ಬರತೈತೇನು? ಇದ್ರಾಗ ನೀವು ಅವ್ರನ್ನ ತಂದು ಅದ್ರ ಮ್ಯಾಲ ಕುಂದರಿಸಿದ್ರಿ. ಈಗ ಅದು ಸಾಹುಕಾರ್ರ ಕುರ್ಚಿ. ಅದ್ರ ಮ್ಯಾಲ ನಾ ಕುಂತ್ರ, ನಾಳೆ ಎಲ್ಲಿ ಕುಂದ್ರೂದು ಅಂತ ನೀ ಹೇಳ್ತೀಯೇನು?"

ಪಕ್ಕದ ಅಂಗಡಿಯವರಿಗೂ ಇದು ಗೊತ್ತಾಗಿತ್ತು. ಎದುರಾಳಿಯ ಕುರ್ಚಿ ತಮ್ಮ ಅಂಗಡಿಯ ಮುಂದೆ ಬರುವುದು ಅವರಿಗೆ ಬೇಡವಾಗಿತ್ತು. ಸಾಹುಕಾರರು ಮಾತ್ರ ಪ್ರಸನ್ನರಾಗಿದ್ದರು. "ಆ ಕುರ್ಚಿ ಬಸ್ಸಿನ ಮ್ಯಾಲ ಹೊತ್ಕೊಂಡು ಯಾಕ ತಿರಗ್ತೀರಿ, ಇಲ್ಲೇ ಇರ್ಲಿ ಬಿಡ್ರಿ" ಎಂದು ಒಳಗೆ ಇಡಿಸಿಕೊಂಡರು. ಬಳ್ಳಾರಿಯ ಕೋಣೆಗೆ ಬರ್ರಿ, ಸೊಂಟಕ್ಕೆ ಸರಿಯಾಗಿ ಮಾಡೋಣ ಎಂದರೆ, "ನೀವ ಬರ್ತೀರಲ್ಲ ಮತ್ತ" ಎಂದು ನಗುತ್ತಿದ್ದರು. ತಿಕ್ಕಿಸಿಕೊಂಡಾದ ಮೇಲೆ ಎದುರಿಗಿದ್ದವರಿಗೆ ನಮ್ಮನ್ನು ತೋರಿಸಿ, "ಇವ್ರು ನಮ್ಮ ಮನುಷ್ಯಾರು" ಎಂದು ಹೇಳುತ್ತಿದ್ದರು. ಅದೇ ನಮಗೆ ಮಾಡಿದ ಉಪಕಾರವೆಂದು ಅವರು ತಿಳಿದಿದ್ದರು. ಅಂಥವರಿಗೆ ತಾವು ಪಡೆದದ್ದು ಕಾಣುವುದಿಲ್ಲ. ತಾವು ಪಡೆದುಕೊಂಡದ್ದೇ ಕೊಟ್ಟದ್ದು ಎಂದು ಪ್ರಾಮಾಣಿಕವಾಗಿ ನಂಬುತ್ತಾರೆ.

ಬಡಗಿಯಿಂದ ಇನ್ನೊಂದು ಕುರ್ಚಿ ಮಾಡಿಸಿ ಕುರುಗೋಡಿಗೆ ಹೋದೆವು. ಈ ಸಲ ಜಾಣರಾಗಿದ್ದೆವು. ದೊಡ್ಡವರು ಯಾರೂ ಮೊದಲು ಕೂರಬಾರದು ಎಂದು ನಿಶ್ಚಯಿಸಿ, ಹತ್ತಿ ವ್ಯಾಪಾರಿಗಳ ಅಂಗಡಿಗಳ ಮುಂದೆ ಹತ್ತಿ ತುಂಬಿದ ಅಂಡಿಗೆಗಳನ್ನು ಹೊರುತ್ತಿದ್ದ ಒಬ್ಬ ಹಮಾಲನನ್ನು ಕರೆದು ಕೂರಿಸಿದೆವು. ಅವನ ಹೆಗಲು ಕಲ್ಲಿನ ಗುಂಡು. ಪಾಲುದಾರ ಮೊಣಕೈ ಹಾಕಿ ಇಳಿಸಿದ. ಹಮಾಲ ಎದ್ದು ಕುತ್ತಿಗೆ ತಿರುಗಿಸಿ ನೋಡಿ, "ಎಣ್ಣಿ ಬಿಟ್ಟ ಗಾಲಿ ಆಗೇತ್ರಿ" ಎಂದು ಎಲ್ಲರಿಗೂ ತೋರಿಸಿದ. ಇದಕ್ಕಿಂತ ಒಳ್ಳೆಯ ಜಾಹೀರಾತು ಇರಲು ಸಾಧ್ಯವಿಲ್ಲ ಎಂದುಕೊಂಡೆ.

ಕುತ್ತಿಗೆ ಹಿಡಿದ ವ್ಯಾಪಾರಿಯೊಬ್ಬರು ಅಂಗಡಿಯಿಂದ ಇಳಿದು ಬಂದರು. ಕುರ್ಚಿಯ ಹತ್ತಿರ ನಿಂತರು. "ಈಗ ಇದ್ರ ಮ್ಯಾಲ ಕುಂತಿದ್ದಾವ ಯಾರು?" ಎಂದು ಕೇಳಿದರು. ನೋಡುತ್ತಲೇ ಇದ್ದವರು ಅವರು, ಆದರೂ ಕೇಳಿದರು. ನಾನು ಹೇಳಿದೆ. ಅವರು ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಆಳು ಒಂದು ಕೊಡ ನೀರು ತಂದು ಕುರ್ಚಿಯ ಮೇಲೆ ಸುರಿದ. ಹಾಗೆ ಸುರಿದ ಮೇಲೂ ಅವರು ಬರಲಿಲ್ಲ. ಖಾದಿಯ ದಿಂಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಮಾಲ ಅದನ್ನು ನೋಡಿ, ನಮ್ಮ ಕಡೆ ನೋಡದೆ, ಅಂಡಿಗೆಯ ಕೆಳಗೆ ಹೆಗಲು ಕೊಟ್ಟ.

ದಿನಚರಿಯಲ್ಲಿ ಆ ದಿನದ್ದು ಒಂದೇ ಸಾಲು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಕುರ್ಚಿಯನ್ನು ಬಿಸಿಲಿಗಿಟ್ಟು ಕೂತಿದ್ದೆವು. ಪಾಲುದಾರ ಬೊಂಬಾಯಿಯ ಮಾತು ತೆಗೆದಿದ್ದ. ಎದುರಿನ ಬೆಂಚಿನ ಮೇಲೆ ಒಬ್ಬ ಗೌಡರು ಕೂತಿದ್ದರು. ಅವರ ಮನೆಯ ಆಳು ಬೆಂಚಿನ ಇನ್ನೊಂದು ತುದಿ ಖಾಲಿಯಿದ್ದರೂ ನೆಲದ ಮೇಲೆ ಕೂತಿದ್ದ. ಕೂತು ಎಲೆಗೆ ಸುಣ್ಣ ಹಚ್ಚುತ್ತ ಗೌಡರ ಜೊತೆ ಸಲೀಸಾಗಿ ಹರಟುತ್ತಿದ್ದ. ಅವರಿಗೇ ಬುದ್ಧಿ ಹೇಳುತ್ತಿದ್ದ, ಒಮ್ಮೆ ಗದರಿದ ಕೂಡ. ಗೌಡರು ಹೂಂಗುಟ್ಟುತ್ತಿದ್ದರು. ತಲೆ ಒಂದು ಮೊಳ ಕೆಳಗಿದ್ದರೆ ಬಾಯಿಗೆ ಎಷ್ಟಾದರೂ ಸ್ವಾತಂತ್ರ್ಯ. ಈ ಜನಕ್ಕೆ ಮನುಷ್ಯ ಏನು ಮಾಡುತ್ತಾನೆ ಎಂಬುದು ಮುಖ್ಯವಲ್ಲ, ಎಷ್ಟು ಎತ್ತರದಲ್ಲಿ ಮಾಡುತ್ತಾನೆ ಎಂಬುದು ಮುಖ್ಯ.

"ಇದ್ರ ಕಾಲು ಕೊಯ್ಸೂಣು" ಎಂದೆ.

"ಯಾರದು, ಆ ವ್ಯಾಪಾರೀದಾ?"

"ಕುರ್ಚೀದು."

ಪಾಲುದಾರ ಕುರ್ಚಿಯ ಕಾಲನ್ನು ಗೇಣಿನಿಂದ ಅಳೆದ. "ಕಾಲು ಕೊಯ್ದ್ರ ಅಂವ ನೆಲಕ್ಕ ಕುಂದರ್ತಾನ. ನಾವೆಲ್ಲಿ ನಿಂದ್ರೂದು?"

"ನಿಂದ್ರೂದಿಲ್ಲ. ಮೊಣಕಾಲೂರೂದು."

"ನನ್ನ ಮೊಣಕಾಲು ಕುಸ್ತಿಯಾಗ ಹೋಗೇತಿ ಭಾಯ್."

"ನನ್ನದು ಹೋಗಿಲ್ಲ" ಎಂದೆ.

ಬಡಗಿ ಬೇಸರದಿಂದಲೇ ಕೊಯ್ದ. ತಾನೇ ಮಾಡಿದ್ದನ್ನು ತಾನೇ ಕೊಯ್ಯುವುದು ಅವನಿಗೆ ಇಷ್ಟವಿರಲಿಲ್ಲ. ಕಾಲು ಹೋದ ಮೇಲೆ ಕೂರುವ ಹಲಗೆಯನ್ನೂ ಬಿಚ್ಚಿಸಿ, ಅಗಲದ ಮಣೆ ಹಾಕಿಸಿದೆ, ಚಕ್ಕಳಬಕ್ಕಳ ಕೂರಲು ಬರುವಂತೆ. ಗುಮಾಸ್ತರು ದಿನವಿಡೀ ಕೂರುವುದೇ ಹಾಗೆ. ಮುಂದಿನ ಓರೆ ಹಲಗೆ, ದಿಂಬು ಹಾಗೇ ಉಳಿದವು. ಈಗ ಅದು ಕುರ್ಚಿಯಾಗಿರಲಿಲ್ಲ. ಕುರ್ಚಿಯಲ್ಲದ್ದರ ಮೇಲೆ ಯಾರು ಕೂತರು ಎಂದು ಯಾರೂ ಕೇಳುವುದಿಲ್ಲ. ಮಣೆಯನ್ನು ಒರೆಸಿದರೆ ಆಯಿತು.

ನನ್ನ ಕೈ ಮಾತ್ರ ಹೊಸದಾಗಿ ಕಲಿಯಬೇಕಾಯಿತು. ನಿಂತು ಮಾಡುವಾಗ ಮೈಭಾರ ತಾನೇ ಕೆಳಗೆ ಬೀಳುತ್ತದೆ. ಮೊಣಕಾಲೂರಿದರೆ ಭಾರ ಎಲ್ಲ ಎದುರಿಗೆ ಹೋಗುತ್ತದೆ, ಹೆಬ್ಬೆರಳು ಬೇಗ ಸೋಲುತ್ತದೆ. ಒಂದು ಮೊಣಕಾಲು ಗೋಣಿಚೀಲದ ಮಡಿಕೆಯ ಮೇಲೆ ಊರಿ, ಇನ್ನೊಂದು ಪಾದ ನೆಲಕ್ಕೆ ಕೊಟ್ಟು, ಸೊಂಟದಿಂದ ಮುಂದಕ್ಕೆ ವಾಲುತ್ತ ಮುಂಗೈಯಿಂದ ಒತ್ತುವುದನ್ನು ಅಭ್ಯಾಸ ಮಾಡಿದೆ. ಪಾಲುದಾರನ ಬೆನ್ನೇ ಪ್ರಯೋಗಶಾಲೆ. ಅವನು ಒಂದೊಂದು ಒತ್ತಿಗೂ ನನ್ನ ವಿಶ್ವವಿದ್ಯಾಲಯವನ್ನು ಬೈಯುತ್ತಿದ್ದ.

ಅದನ್ನು ಹೊತ್ತು ಮತ್ತೆ ಸಿರುಗುಪ್ಪಕ್ಕೆ ಹೋದೆವು. ಜಾಗವಿದ್ದದ್ದು ಕಟ್ಟೆಯ ಎದುರಿಗೆ ಮಾತ್ರ. ನಾನು ಬೆನ್ನ ಹಿಂದೆ ಇರಬೇಕಾದ್ದರಿಂದ ಕೂತವರ ಮುಖ ಗಾದಿಯ ಕಡೆ ಬರುತ್ತಿತ್ತು. ಹಿರಿಯ ಗುಮಾಸ್ತರು ಮಣೆಯನ್ನು ನೋಡಿದರು, ಕಟ್ಟೆಯನ್ನು ನೋಡಿದರು, ಕಣ್ಣಲ್ಲೇ ಅಳೆದರು. ಎದ್ದು ಬಂದು ಕೂತು ದಿಂಬಿಗೆ ಮುಖ ಕೊಟ್ಟರು. ಆಗಷ್ಟೇ ನನಗೆ ಹೊಳೆದದ್ದು: ದೂರದಿಂದ ನೋಡಿದರೆ ಅವರು ಸಾಹುಕಾರರ ಕಾಲಿಗೆ ಅಡ್ಡಬಿದ್ದಂತೆ ಕಾಣುತ್ತಿತ್ತು.

ಸಾಹುಕಾರರಿಗೂ ಹಾಗೇ ಕಂಡಿರಬೇಕು. ಲೋಡಿಗೆ ಒರಗಿ ಅವರು ಬಹಳ ಸಂತೋಷದಿಂದ ನೋಡಿದರು. "ಹಾಂ, ಇದು ಛಲೋ ಮಾಡಿದ್ರಿ. ಇದು ನಮ್ಮ ಪದ್ಧತಿಗೆ ಹೊಂದತೈತಿ" ಎಂದರು. ಮುಂದಿನವರನ್ನು ಅವರೇ ಹೆಸರು ಹಿಡಿದು ಕರೆದರು. ಒಬ್ಬರಾದ ಮೇಲೊಬ್ಬರು ತಲೆ ಬಗ್ಗಿಸಿದರು. ಪಕ್ಕದ ಅಂಗಡಿಯ ಸಾಹುಕಾರರಿಗೂ ತಮ್ಮವರು ಹಾಗೆ ಬಗ್ಗುವುದನ್ನು ನೋಡುವ ಆಸೆಯಾಗಿ ಆಳು ಕಳಿಸಿದರು. ನಾನು ಎಲ್ಲರ ಹಿಂದೆ ಮೊಣಕಾಲೂರಿಕೊಂಡು, ಎಲ್ಲರನ್ನೂ ಮನಸ್ಸಿನಲ್ಲಿ ತಿರಸ್ಕರಿಸುತ್ತ, ಮುಂಗೈ ಒತ್ತುತ್ತಿದ್ದೆ. ಕೈಗೆ ತಿರಸ್ಕಾರ ಇಳಿಯಲಿಲ್ಲ ಎಂದು ಭಾವಿಸಿದ್ದೇನೆ. ಬೆನ್ನುಗಳು ದೂರು ಹೇಳಲಿಲ್ಲ. ಅವರ ಸುಳ್ಳನ್ನು ಕೆಡವಲು ಹೋದವನು ಅದರ ಅಳತೆಗೆ ಮಣೆ ಮಾಡಿಸಿಕೊಂಡು ಬಂದೆನೇ ಎಂದು ಆಗ ಕೇಳಿಕೊಂಡೆನೋ, ಇತ್ತೀಚೆಗೆ ಕೇಳಿಕೊಂಡೆನೋ ತಿಳಿಯದು.

ಅಣ್ಣ ಅಲ್ಲಿಗೆ ಬಂದದ್ದು ಸಾಹುಕಾರರ ಒಂದು ವ್ಯಾಜ್ಯದ ಕೆಲಸಕ್ಕೆ. ಗೋಣಿಯ ಮೇಲೆ ಮೊಣಕಾಲೂರಿದ್ದ ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ಸಾಹುಕಾರರು, "ನಿಮ್ಮ ತಮ್ಮನ ಕೈ ಭಾಳ ಛಲೋ ಐತಿ ವಕೀಲ್ರ. ದೊಡ್ಡ ಪರೀಕ್ಷಾ ಅಂದ್ರ ಇದಾ ಏನು?" ಎಂದರು. ಅಂಗಡಿಯೆಲ್ಲ ನಕ್ಕಿತು. ಅಣ್ಣ ನನ್ನನ್ನು ಹೊರಗೆ ಕರೆದ.

"ಯುಗಾದಿಗೆ ಇನ್ನ ಎಷ್ಟ್ ದಿನ ಐತಿ ಗೊತ್ತೈತೇನಲೇ?"

"ಗೊತ್ತೈತಿ."

"ಮಂಚದ ಮ್ಯಾಲ ಯಾವನರ ಮಲಗ್ಯಾನೇನು?"

ಇಲ್ಲ ಎಂದೆ. ಅದು ನಿಜವಾಗಿತ್ತು.

ಮೊದಲು ಮಲಗಿದವರು ಹಿರಿಯ ಗುಮಾಸ್ತರೇ. ಅಂಗಡಿಯ ಕೆಲಸಕ್ಕೆ ವಾರಕ್ಕೊಮ್ಮೆ ಬಳ್ಳಾರಿಯ ಬ್ಯಾಂಕಿಗೆ ಬರುತ್ತಿದ್ದವರು ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, "ಮಣಿ ಮ್ಯಾಲ ಹೆಗಲು ಹಗುರಾತು, ನಡಾ ಹಂಗ ಐತಿ. ಆ ಮಂಚದ ವಿಷ್ಯಾ ಏನೋ ಅಂತಿದ್ದೆಲ್ಲ" ಎಂದರು. ಬಾಗಿಲು ಹಾಕಲು ಅವರೇ ಹೇಳಿದರು. ಮರುವಾರ ಇನ್ನೊಬ್ಬ ಗುಮಾಸ್ತರನ್ನು ಕರೆತಂದರು. ಅವರು ಪಕ್ಕದ ಅಂಗಡಿಯವರಿಗೆ ಹೇಳಿದರು. ಹಿರಿಯರು ನೆಟ್ಟಗೆ ನಡೆಯುವುದನ್ನು ನೋಡಿ ಸಾಹುಕಾರರು, "ನಡಾ ಎಲ್ಲಿ ಸರಿ ಮಾಡಿಸ್ದಿ?" ಎಂದು ಕೇಳಿದರಂತೆ. "ದೇವ್ರ ದಯಾ" ಎಂದರಂತೆ ಇವರು. ಸಾಹುಕಾರರು ಬರೀ ಕುರ್ಚಿಯಲ್ಲಿದ್ದಾಗ ತಾನು ಮಂಚ ಏರಿದ್ದು ಗೊತ್ತಾಗಬಾರದು.

ಯುಗಾದಿಯ ಹಿಂದಿನ ವಾರ ಅವರು ಒಳಗಿನ ಮಂಚದ ಮೇಲೆ ಬೋರಲಾಗಿ ಮಲಗಿದ್ದರು. ನಾನು ಎಣ್ಣೆ ಹಚ್ಚಿ, ಸೊಂಟದಿಂದ ಮೇಲಕ್ಕೆ ಬಂದು, ಹೆಗಲ ಮೂಳೆಯ ಅಂಚಿನ ಗಂಟನ್ನು ಆಗಷ್ಟೇ ಕರಗಿಸಿದ್ದೆ. ಕೆಳಗೆ ಕಾರೊಂದು ನಿಂತಿತು. ಮೆಟ್ಟಿಲು ಹತ್ತಿ ಬಂದವರು ಸಾಹುಕಾರರು, ಒಬ್ಬರೇ. ಪರದೆಯ ಆಚೆ ಪಾಲುದಾರನಿಗೆ ಮೆಲ್ಲಗೆ ಹೇಳುತ್ತಿದ್ದರು: "ಕೋರ್ಟಿಗೆ ಹೋಗ್ತೀನಿ ಅಂತ ಹೇಳಿ ಬಂದೀನಿ. ಅಂಗಡ್ಯಾಗ ಯಾರಿಗೂ ಗೊತ್ತಾಗಬಾರ್ದು, ತಿಳೀತಾ? ಈ ನಡಾ..." ಅಂಗಿ ತೆಗೆದ ಸದ್ದು, ಮಂಚ ಕಿರುಗುಟ್ಟಿದ ಸದ್ದು. ಆಮೇಲೆ ಅವರು ಕೆಮ್ಮಿದರು.

ನನ್ನ ಕೈಕೆಳಗಿದ್ದ ಮುದುಕರು ಆ ಕೆಮ್ಮನ್ನು ಬಲ್ಲವರು. ಜೀವಮಾನವೆಲ್ಲ ಅದು ಕೇಳಿಸಿದಾಗ ಎದ್ದು ನಿಂತವರು. ಎರಡೂ ಅಂಗೈ ಮಂಚಕ್ಕೆ ಊರಿ ಏಳಲು ಹೊರಟರು. ಪರದೆಗೆ ಒಂದು ಮೊಳ ದೂರ.

ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಿದೆ. ಪರದೆಯ ಸಂದಿಯಿಂದ ಕೈಹಾಕಿ ಒತ್ತಿದ್ದು ತಾನು ಎಂದು ಪಾಲುದಾರ ಇವತ್ತಿಗೂ ಹೇಳುತ್ತಾನೆ. ಇರಬಹುದು. ಅವನು ಬೊಂಬಾಯಿಗೆ ಹೋಗಲಿಲ್ಲ, ಬ್ಯಾಂಕಿನ ಸ್ಟೂಲಿನ ಮೇಲೆ ಬೇರೆ ಯಾರೋ ಕೂತರು, ಹೀಗಾಗಿ ಜಗಳವಾಡಲು ನಮಗೆ ಬೇಕಾದಷ್ಟು ಕಾಲ ಸಿಕ್ಕಿತು.

"ಆಕಡೆ ಯಾರದಾರ?" ಎಂದರು ಸಾಹುಕಾರರು.

"ಪೇಷಂಟ್ ರೀ" ಎಂದ ಪಾಲುದಾರ.

"ದೊಡ್ಡ ಮನುಷ್ಯಾರಾ?"

"ಇಲ್ಲಿ ಮಲಗಿದವ್ರೆಲ್ಲ ಒಂದ ಎತ್ತರ ಸಾಹುಕಾರ್ರ. ಎರಡೂ ಮಂಚ ಒಬ್ಬನ ಬಡಗಿ ಮಾಡಿದ್ದು."

ಮುದುಕರು ಏಳಲಿಲ್ಲ. ಉಸಿರನ್ನೂ ಬಿಡದೆ ಮಲಗಿಯೇ ಇದ್ದರು. ಆದರೆ ಅರ್ಧ ತಾಸು ಕಷ್ಟಪಟ್ಟು ಕರಗಿಸಿದ್ದ ಆ ಹೆಗಲು ನನ್ನ ಅಂಗೈ ಕೆಳಗೆ ಮತ್ತೆ ಕಲ್ಲಾಗಿತ್ತು. ಗೂಡಿನಿಂದ ಎಣ್ಣೆಯ ಬಾಟಲಿ ತೆಗೆದು, ಸೊಂಟದಿಂದ ಮತ್ತೆ ಶುರುಮಾಡಿದೆ.